ಜೋಕಾಲಿಯ ತಂಗಿ

ನಮ್ಮೂರಿನಲ್ಲಿ ಮೊಳೆ ನಿಲ್ಲುವುದಿಲ್ಲ. ಸಂಜೆ ಬಡಿದ ಮೊಳೆ ಬೆಳಗಾಗುವಷ್ಟರಲ್ಲಿ ಹಾಲುಹಲ್ಲಿನ ಹಾಗೆ ಸಡಿಲವಾಗಿ ನೆಲಕ್ಕೆ ಬಿದ್ದಿರುತ್ತದೆ. ಮರದ ಗೂಟವೂ ಅಷ್ಟೆ, ಸ್ಕ್ರೂ ಬೋಲ್ಟುಗಳೂ ಅಷ್ಟೆ; ಬಡಿದು ಕೂರಿಸಿದ್ದನ್ನು, ತಿರುವಿ ಕೂರಿಸಿದ್ದನ್ನು ಈ ಊರು ಒಳಗೆ ಇಟ್ಟುಕೊಳ್ಳುವುದಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ತವರಿನಿಂದ ತಂದ ಕನ್ನಡಿಯನ್ನು ಗೋಡೆಗೆ ನೇತುಹಾಕುತ್ತಾರೆ, ಮರುದಿನ ಚೂರು ಗುಡಿಸುತ್ತಾರೆ, ಆಮೇಲೆ ಒಂದು ಬಟ್ಟಲು ಹಿಡಿದುಕೊಂಡು ಪಕ್ಕದ ಮನೆಗೆ ಅಂಟು ಕೇಳಲು ಹೋಗುತ್ತಾರೆ. ಅಲ್ಲಿಗೆ ಅವರು ನಮ್ಮೂರಿನವರಾದರು ಎಂದು ಲೆಕ್ಕ.

ಬಸ್ಸುಗಳು ಗಡಿಕಲ್ಲಿನ ಆಚೆಯೇ ನಿಲ್ಲುತ್ತವೆ. ಹಿಂದೊಮ್ಮೆ ಹೊಸ ಡ್ರೈವರ್ ಒಬ್ಬ ಯಾರ ಮಾತೂ ಕೇಳದೆ ಒಳಗೆ ತಂದು ನಿಲ್ಲಿಸಿ, ಉಂಡು ಮಲಗಿಬಿಟ್ಟ. ಎದ್ದು ನೋಡುತ್ತಾನೆ, ಬಾಗಿಲು ಒಂದು ಕಡೆ, ಸೀಟು ಒಂದು ಕಡೆ, ಹಾರ್ನು ಬೇವಿನ ಕಟ್ಟೆಯ ಬುಡದಲ್ಲಿ. ಅಳುತ್ತ ಕೂತವನನ್ನು ಸಮಾಧಾನ ಮಾಡಿ, ಎಲ್ಲರೂ ಸೇರಿ ಬಸ್ಸನ್ನು ಅಂಟಿಸಿ ಗಡಿ ದಾಟಿಸಿದೆವು. ಅದು ಇವತ್ತಿಗೂ ಓಡುತ್ತಿದೆ. ಆ ದಾರಿಯಲ್ಲಿ ಗಡಗಡ ಅನ್ನದ ಬಸ್ಸು ಅದೊಂದೇ ಅಂತೆ.

ಕೆನೆ ತೆಗೆದ ಹಾಲನ್ನು ಒಡೆಸಿ, ಅದರ ಗಟ್ಟಿಯನ್ನು ಸುಣ್ಣದೊಡನೆ ಅರೆದು, ಹುಣಸೆಬೀಜದ ಹಿಟ್ಟು ಕೂಡಿಸಿ ಅಂಟಿನ ಮನೆಯಲ್ಲಿ ನಮ್ಮ ಅಂಟು ಮಾಡುತ್ತಾರೆ. ಮನೆಯ ತೊಲೆ, ಬಾಗಿಲು, ತೊಟ್ಟಿಲು, ಹಳ್ಳದ ಮೇಲಿನ ಕಾಲುಸೇತುವೆ, ಎಲ್ಲವೂ ಅದರ ಆಧಾರದ ಮೇಲೆಯೇ ನಿಂತಿವೆ. ಹಾಗಾಗಿ ಅಂಟನ್ನು ಪರೀಕ್ಷೆ ಮಾಡುವವರೊಬ್ಬರು ಊರಿಗೆ ಬೇಕೇಬೇಕು. ಅದು ನಾನು, ಕಲ್ಲವ್ವ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ‘ಕ್ಷ’ ಬರೆಯಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಮೇಷ್ಟ್ರು "ಬಿಡಬೇ ಕಲ್ಲವ್ವ, ಅದಿಲ್ಲದನೂ ಬದುಕಬಹುದು" ಎಂದರು. ನಾನು ಬಿಡಲಿಲ್ಲ. ಅಂಟಿನ ಮನೆಯ ಹಿರಿಯ ಪರಸಪ್ಪ ಅದನ್ನು ನೋಡಿ, "ಈಕಿನ್ನ ಪರೀಕ್ಷಾಕ್ಕ ಕೂಡಸ್ರಿ, ಈಕಿಗೆ ಕಾಯಾಕ ಬರ್ತದ" ಎಂದ. ಭಾರ ತೂಗುಹಾಕುವುದು, ಕಾಯುವುದು; ನೀರು ಹೊಯ್ಯುವುದು, ಕಾಯುವುದು; ಬಿಸಿಲಿಗಿಡುವುದು, ಕಾಯುವುದು. ಕೆಲಸ ಇಷ್ಟೇ. ಅವಸರದ ಮನುಷ್ಯರು ಮಾಡಿದರೆ ಊರು ಉಳಿಯುವುದಿಲ್ಲ.

ಯಾವ ವಸ್ತುವಿಗೆ ಅಂಟು ಹಾಕಿದರೂ ಅದರ ಒಂದೊಂದು ಕೀಲಿಗೂ ಒಬ್ಬ ತಂಗಿ ಇರಬೇಕು ಎಂಬುದು ನಮ್ಮ ಪದ್ಧತಿ. ಅದೇ ಮರದ ಎರಡು ಚೂರು, ಅದೇ ಬಟ್ಟಲಿನ ಅಂಟು, ಅದೇ ಕೈ, ಅದೇ ಹೊತ್ತು. ನಿಜವಾದ ಕೀಲು ಅಕ್ಕ; ಅಕ್ಕ ಒಣಗುವ ಕಡೆಯೇ ತಂಗಿಯೂ ಒಣಗಬೇಕು. ಅಕ್ಕ ಗಾಳಿಯಲ್ಲಿ ನಿಂತಿರುವಾಗ ತಂಗಿಯನ್ನು ಒಲೆಯ ಪಕ್ಕ ಬೆಚ್ಚಗೆ ಇಟ್ಟುಕೊಳ್ಳುವಂತಿಲ್ಲ. ಒಣಗಿದ ಮೇಲೆ ತಂಗಿಯನ್ನು ಮುರಿಯುತ್ತೇನೆ. ಮರದ ನಾರು ಹರಿದು, ಅಂಟು ಕಚ್ಚಿದ್ದು ಕಚ್ಚಿದ ಹಾಗೇ ಇದ್ದರೆ ಆ ಅಂಟು ಮರಕ್ಕಿಂತ ಗಟ್ಟಿ, ಅಕ್ಕನ ಮೇಲೆ ಭಾರ ಹಾಕಬಹುದು. ನಾರು ಹರಿಯದೆ ಅಂಟು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂದರೆ ಅಕ್ಕನನ್ನೂ ನಂಬುವಂತಿಲ್ಲ.

ಅಂಟಿಗೆ ದೊಡ್ಡ ಶತ್ರು ಎಣ್ಣೆ. ಆದ್ದರಿಂದ ಅಂಟಿನ ದಿನ ಆ ಓಣಿಯಲ್ಲಿ ಒಲೆಯ ಮೇಲೆ ಎಣ್ಣೆ ಇಡುವಂತಿಲ್ಲ, ಒಗ್ಗರಣೆ ಇಲ್ಲ. ಗಂಜಿ, ಬೇಯಿಸಿದ ಗೆಣಸು, ಉಪ್ಪು, ಹಸಿ ಉಳ್ಳಾಗಡ್ಡಿ. ಓಣಿಯ ಗಂಡಸರು ಆವತ್ತು ಏನಾದರೊಂದು ನೆಪ ತೆಗೆದು ಬೇರೆ ಓಣಿಯ ನೆಂಟರನ್ನು ಮಾತಾಡಿಸಲು ಹೋಗುತ್ತಾರೆ. ಯಾರದಾದರೂ ಎಣ್ಣೆಯಿಂದ ಕೀಲು ಕೆಟ್ಟಿತು ಎಂದು ಗೊತ್ತಾದರೆ ಅವರು ಆ ವಸ್ತುವನ್ನು ಒಂದು ವರ್ಷ ಬಳಸುವಂತಿಲ್ಲ. ಸೇತುವೆಯ ದಿನ ಮೆಣಸಿನಕಾಯಿ ಭಜಿ ಕರಿದ ಒಬ್ಬಾತ ವರ್ಷವಿಡೀ ಹಳ್ಳದಲ್ಲಿ ಪಂಚೆ ಎತ್ತಿಕೊಂಡು ಓಡಾಡಿದ.

ಇನ್ನು ಜೋಕಾಲಿಯ ವಿಷಯ. ನಾಗರ ಪಂಚಮಿಗೆ ನಮ್ಮ ಹೆಂಗಸರು ಜೀಕುತ್ತಿದ್ದದ್ದು ಕಟ್ಟೆಯ ದೊಡ್ಡ ಬೇವಿನ ಮರದಲ್ಲಿ. ಇಬ್ಬರು ಎದುರುಬದುರು ನಿಂತು ಜೀಕಿದರೆ ಸೀರೆಯ ಸೆರಗು ಆಕಾಶಕ್ಕೆ ಗಾಳಿ ಹಾಕುತ್ತಿತ್ತು. ಬಡಿಗರ ಮನೆಯ ಸಕ್ರವ್ವ ಹರೆಯದಲ್ಲಿ ಎಷ್ಟು ಎತ್ತರ ಜೀಕುತ್ತಿದ್ದಳೆಂದರೆ, ಬೇವಿನ ಎಲೆಯನ್ನು ಹಲ್ಲಲ್ಲೇ ಕಿತ್ತುಕೊಂಡು ಇಳಿಯುತ್ತಿದ್ದಳು. ಒಂದು ಬಿರುಗಾಳಿಗೆ ಆ ಮರ ಉರುಳಿತು. ಆಮೇಲೆ ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ ಮಕ್ಕಳನ್ನು ತೂಗುವುದೇ ಪಂಚಮಿ ಆಗಿಬಿಟ್ಟಿತ್ತು. ಸಕ್ರವ್ವನ ಹಲ್ಲು ಹೋದವು, ಗಂಡ ಭರಮಪ್ಪ ಹೋದ, ಜೋಕಾಲಿಯ ಆಸೆ ಹೋಗಲಿಲ್ಲ.

ಭರಮಪ್ಪ ಊರಿನ ದೊಡ್ಡ ಬಡಿಗ. ಮಗ ಗಡಿಯಾಚೆ ಬಸ್ಸು ಓಡಿಸುತ್ತಾನೆ. ಭರಮಪ್ಪನ ವಿದ್ಯೆ ಕಲಿತವಳು ಸೊಸೆ ಕಸ್ತೂರಿ. ಮಣೆ, ತೊಟ್ಟಿಲು, ಪೆಟ್ಟಿಗೆ ಎಲ್ಲವನ್ನೂ ಚೊಕ್ಕಟವಾಗಿ ಕೂಡಿಸುತ್ತಿದ್ದಳು. ಆ ವರ್ಷ ಪಂಚಮಿಗೆ ಇನ್ನೂ ಸಾಕಷ್ಟು ದಿನ ಇರುವಾಗ ಅಂಟಿನ ಮನೆಯ ಅಂಗಳಕ್ಕೆ ಬಂದು, "ಕಟ್ಟಿ ಮ್ಯಾಲೆ ಜೋಕಾಲಿ ನಿಲ್ಲಸ್ತೀನ್ರಿ. ಮರದ ಜೋಕಾಲಿ. ಬೇವಿನಷ್ಟ ಎತ್ತರ" ಎಂದಳು.

ಪರಸಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ಆಳೆತ್ತರ ಮೀರಿದ್ದು ನಿನಗ ಇದ ಮೊದಲು. ನೇಮ ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ನೇಮ ಇದು: ಮೊದಲ ದೊಡ್ಡ ಕೆಲಸದ ತಂಗಿ ಕೆಟ್ಟರೆ, ಯಾಕೆ ಕೆಟ್ಟಿತು ಎಂಬುದನ್ನು ಕಟ್ಟಿದವರು ತಮ್ಮ ಬಾಯಿಂದಲೇ ಹೇಳಬೇಕು. ಹೇಳಿದರೆ ಕೀಲು ಬಿಚ್ಚಿ ಮತ್ತೊಮ್ಮೆ ಹಾಕಬಹುದು. ಕಾರಣ ಹೇಳಲಾಗದ ಕೈ ಮುಂದೆಂದೂ ಆಳೆತ್ತರ ಮೀರಿದ ಕೆಲಸ ಮುಟ್ಟುವಂತಿಲ್ಲ. ಕಠಿಣ ಅನ್ನಿಸಬಹುದು. ಆದರೆ ತಪ್ಪಾದದ್ದು ಯಾಕೆ ಎಂದು ತಿಳಿಯದವರು ಕಟ್ಟಿದ ಅಟ್ಟದ ಕೆಳಗೆ ಯಾರು ತಾನೇ ಮಲಗುತ್ತಾರೆ?

ಅಂಟಿನ ದಿನ ಬಂತು. ಓಣಿಯೆಲ್ಲ ಗಂಜಿಯ ವಾಸನೆ. ಎದುರು ಮನೆಯ ದುರಗವ್ವ ಗೆಣಸಿನ ಬುಟ್ಟಿ ತಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ಬಾಯಿಗೆ ಬೀಗವಿಲ್ಲ. "ಯಕ್ಕಾ, ಈ ಜೋಕಾಲಿ ಸಲುವಾಗಿ ನನ್ನ ಗಂಡ ಮುಂಜಾನಿಂದ ಮಾರಿ ಉಬ್ಬಿಸಿಕೊಂಡಾನ. ಒಗ್ಗರಣಿ ಇಲ್ಲದ ಸಾರು ಉಂಡ್ರ ಅಂವಗ ಹೆಂಡತೀನೂ ಸಪ್ಪಗ ಕಾಣ್ತಾಳಂತ!"

ಕಸ್ತೂರಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಹಸಿರು ಸೀರೆ ಉಟ್ಟು, ಮದುಮಗಳ ಹಾಗೆ ಬಂದಿದ್ದಳು. ಎರಡೂ ಕಡೆಯ ಕವಲುಗಂಬಗಳನ್ನು ಕೂಡಿಸಿ ಮುಗಿಸುವಾಗ ಹೊತ್ತು ನೆತ್ತಿಗೆ ಬಂದಿತ್ತು. ಏಣಿ ಹತ್ತಿ ಮೇಲಿನ ಅಡ್ಡತೊಲೆಯ ಕೀಲುಗಳಿಗೆ ಅಂಟು ಸವರತೊಡಗಿದಳು. ಸೆಖೆಯೋ ಸೆಖೆ. ಮಾತಿಲ್ಲ ಕತೆಯಿಲ್ಲ, ಬೆವರು ಒರೆಸಿಕೊಳ್ಳುವುದು, ಮರ ಸವರಿ ನೋಡುವುದು, ಅಂಟು ಹಚ್ಚುವುದು. ಒಂದೊಂದು ಕೀಲು ಮುಗಿದ ಕೂಡಲೇ ಅದರ ತಂಗಿಯನ್ನು ಅಲ್ಲಿಯೇ ಕೂಡಿಸಿ ಕೆಳಗೆ ಇಳಿಬಿಟ್ಟಳು. ನಾನು ಹೆಸರು ಬರೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಸಕ್ರವ್ವ ಕೋಲೂರಿಕೊಂಡು ಬಂದು, ಕತ್ತೆತ್ತಿ ತೊಲೆ ನೋಡಿ, "ಬೇವು ಇದಕ್ಕಿಂತ ಒಂದು ಮೊಳ ಎತ್ತರ ಇತ್ತು. ಇರಲಿ, ನಾನೂ ಒಂದು ಮೊಳ ಕುಗ್ಗೀನಿ" ಎಂದಳು.

ಚೆನ್ನಾಗಿ ಒಣಗಿದ ಮೇಲೆ ಪರೀಕ್ಷೆಗೆ ಕೂತೆವು. ಮೊದಲು ಏಣಿ ಹತ್ತಿ ಒಂದೊಂದು ಕೀಲನ್ನೂ ಗೆಣ್ಣಿನಿಂದ ತಟ್ಟಿದೆ. ಎಲ್ಲ ಕಡೆ ತುಂಬಿದ ಕೊಡದ ಸದ್ದು, ಎಲ್ಲೂ ಪೊಳ್ಳಿಲ್ಲ. ಕೆಳಗೆ ಕೂತ ಹೆಂಗಸರು ಆಗಲೇ ಹಾಡು ಶುರುಮಾಡಿದರು. ಇಳಿದು ಬಂದು ತಂಗಿಯರನ್ನು ಒಂದೊಂದಾಗಿ ಇಕ್ಕಳಕ್ಕೆ ಕೊಟ್ಟು ಮುರಿದೆ. ಕಂಬಗಳ ತಂಗಿಯರು ಒಳ್ಳೆಯ ಹುಡುಗಿಯರು: ಚರಕ್ ಎಂದು ನಾರು ಹರಿದು ಬಂತು. ಅಡ್ಡತೊಲೆಯ ಎಡಗಡೆಯ ತಂಗಿಯೂ ಹಾಗೇ. ಬಲಗಡೆಯದು ಸದ್ದೇ ಮಾಡಲಿಲ್ಲ. ತುಂಡು ಎರಡಾಗಿ ಕೈಗೆ ಬಂತು. ಒಂದು ಚೂರಿನ ಮೇಲೆ ಅಂಟಿನ ಹಾಳೆ ನುಣ್ಣಗೆ ಕೂತಿತ್ತು, ಇನ್ನೊಂದು ಚೂರು ತೊಳೆದಿಟ್ಟ ತಟ್ಟೆ.

ಹಾಡು ನಿಂತಿತು.

"ಒಂದ ತಾನ? ಸದ್ದು ಚಲೋ ಬಂತಲ್ಲ ಯಕ್ಕಾ" ಎಂದಳು ದುರಗವ್ವ.

"ಸದ್ದು ಸುಳ್ಳು ಹೇಳೂದಿಲ್ಲ, ದುರಗವ್ವ. ಆದ್ರ ಎಲ್ಲಾನೂ ಹೇಳೂದಿಲ್ಲ. ಗೋಡೆಗೆ ಆತು ನಿಂತವರೂ, ಗೋಡೆನ್ನ ಹಿಡಕೊಂಡು ನಿಂತವರೂ ದೂರದಿಂದ ಒಂದ ಥರಾ ಕಾಣ್ತಾರ."

ನಾನು ಆ ನುಣ್ಣನೆಯ ಚೂರಿನ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟೆ. ಚೊಕ್ಕ ಮರವಾದರೆ ಹನಿ ಹರಡಿಕೊಳ್ಳಬೇಕು. ಇದು ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಗುಂಡಗೆ ಕೂತಿತು.

"ಎಣ್ಣಿ" ಎಂದ ಪರಸಪ್ಪ. ಕಸ್ತೂರಿಯ ಕಡೆ ತಿರುಗಿ, "ನಾಳೆ ದನ ಮನಿಗೆ ಬರೂದರೊಳಗ ಎಲ್ಲಿಂದ ಬಂತು ಅಂತ ಹೇಳವಾ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಸ್ತೂರಿಯ ಮುಖ ಬಿಳುಚಿಕೊಂಡಿತ್ತು.

ಅಂದಿನ ಸಂಜೆ ನಮ್ಮ ಓಣಿಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಇವತ್ತೂ ನಗು ಬರುತ್ತದೆ. ಹೆಂಗಸರೆಲ್ಲ ಒಬ್ಬರ ಅಡುಗೆಮನೆಗೆ ಒಬ್ಬರು ನುಗ್ಗಿ ಬಾಣಲೆ ಮೂಸಿದರು. ಇವಳ ಒಲೆಯನ್ನು ಅವಳು ಕೆದಕಿದಳು, ಅವಳ ಸೌಟನ್ನು ಇವಳು ನೆಕ್ಕಿ ನೋಡಿದಳು. ದುರಗವ್ವನ ಗಂಡನನ್ನು ಕಟ್ಟೆಯ ಮೇಲೆ ನಿಲ್ಲಿಸಿ ವಿಚಾರಣೆ ಮಾಡಿದರು.

"ಅಂಟಿನ ದಿನ ಏನ್ ತಿಂದಿ?"

"ಗಂಜಿ."

"ಮತ್ತ ಮೀಸಿ ಯಾಕ ಮಿಂಚತಿತ್ತು?"

"ಬೇರೆ ಓಣ್ಯಾಗ ಅಕ್ಕನ ಮನಿಗೆ ಹೋಗಿದ್ನೆವ್ವಾ! ಚಕ್ಕುಲಿ ಕೊಟ್ಲು! ಅಲ್ಲೇ ತಿಂದು, ಅಲ್ಲೇ ಕೈ ತೊಳಕೊಂಡು ಬಂದೀನಿ!"

"ಮೀಸಿ ತೊಳಕೊಂಡಿದ್ದೇನು?"

ಅವನ ಮೀಸೆ ಕೀಲಿನ ಹತ್ತಿರ ಬರಲು ಏಣಿ ಹತ್ತಬೇಕಾಗಿತ್ತು. ಅವನಿಗೋ ಮಣೆ ಹತ್ತಿದರೆ ತಲೆ ತಿರುಗುತ್ತದೆ. ಬಿಟ್ಟುಬಿಟ್ಟರು.

ನಾನು ಮನೆಯ ಮುಂದೆ ಕೂತು ಆ ಚೂರನ್ನು ಬೆಳಕಿಗೆ ಓರೆ ಹಿಡಿದು ನೋಡುತ್ತಿದ್ದೆ. ನೋಡುತ್ತ ನೋಡುತ್ತ ನೀರು ಹರಡದ ಜಾಗಕ್ಕೆ ಒಂದು ಆಕಾರ ಬಂತು. ಪಟ್ಟೆ ಪಟ್ಟೆ, ಪಕ್ಕಪಕ್ಕದಲ್ಲಿ. ಬೆರಳುಗಳು. ಹೊಗೆ ಕೂತಿದ್ದರೆ ಎಲ್ಲ ಕಡೆ ಕೂರುತ್ತಿತ್ತು. ಇದು ಯಾರೋ ಸವರಿದ ಗುರುತು.

ಕಸ್ತೂರಿಯ ಮನೆಗೆ ಹೋದೆ. ಹಿತ್ತಿಲಲ್ಲಿ ಒಬ್ಬಳೇ ಕೂತು ಒಂದು ಮಣೆಯನ್ನು ಉಜ್ಜುತ್ತಿದ್ದಳು. ಅದಾಗಲೇ ಕನ್ನಡಿಯಂತೆ ಹೊಳೆಯುತ್ತಿತ್ತು. ಚೂರನ್ನು ಅವಳ ಮುಂದಿಟ್ಟೆ.

"ಬೆರಳು ಅದಾವ, ಕಸ್ತೂರಿ."

"ಗೊತ್ತೈತಿ ಆಯಿ. ನನ್ನವ."

"ಎಣ್ಣಿ ಎಲ್ಲಿಂದ ಬಂತು?"

ಕಸ್ತೂರಿ ಉಜ್ಜುವುದನ್ನು ನಿಲ್ಲಿಸಿದಳು. ನಾನು ಕಾದೆ. ಕೊನೆಗೆ ದನಿ ತಗ್ಗಿಸಿ ಹೇಳಿದಳು. ಅಂಟಿನ ದಿನ ಬೆಳಿಗ್ಗೆ ಅತ್ತೆ ಅವಳನ್ನು ಮಣೆಯ ಮೇಲೆ ಕೂಡಿಸಿ, ಮೊದಲ ದೊಡ್ಡ ಕೆಲಸ, ತಂಪಾಗಿರಲಿ ಎಂದು ನೆತ್ತಿಗೆ ಬೊಗಸೆ ಎಣ್ಣೆ ಹಾಕಿ ತಟ್ಟಿ, ಬಿಸಿನೀರು ಎರೆದಿದ್ದಳು. ನೀರಿಗೆ ಹೋದದ್ದು ಹೋಯಿತು, ಉಳಿದದ್ದು ಕೂದಲಲ್ಲಿ ಉಳಿಯಿತು. ಮಧ್ಯಾಹ್ನದ ಬಿಸಿಲಿಗೆ ಬೆವರಿನ ಜೊತೆ ಹಣೆಗೆ ಇಳಿಯಿತು. ಒರೆಸಿಕೊಂಡ ಕೈಯಲ್ಲೇ ಮರ ಸವರಿದ್ದಳು.

ನನಗೆ ಆಗ ಹೊಳೆಯಿತು. ಅಷ್ಟು ವರ್ಷ ದೊಡ್ಡ ಕೆಲಸ ಮಾಡಿದವರೆಲ್ಲ ಗಂಡಸರು, ಎಲ್ಲರ ತಲೆಗೂ ರುಮಾಲು. ಬೆವರು, ಎಣ್ಣೆ ಏನಿದ್ದರೂ ರುಮಾಲೇ ಕುಡಿಯುತ್ತಿತ್ತು. ಹಾಗಾಗಿ ನೇಮ ಮಾಡಿದವರು ಒಲೆಯನ್ನು ನೆನೆದರು, ತಲೆಯನ್ನು ನೆನೆಯಲಿಲ್ಲ.

"ಹಂಗಾರ ಮುಗೀತಲ್ಲವಾ! ಕಾರಣ ಸಿಕ್ತು. ನಾಳೆ ಹೇಳಿಬಿಡು."

"ಹೇಳೂದಿಲ್ಲ ಆಯಿ."

"ಯಾಕ?"

"ಹೇಳಿದ್ರ ಅತ್ತಿ ವರ್ಷತನಕ ಜೋಕಾಲಿ ಮುಟ್ಟಂಗಿಲ್ಲ. ಅಕಿ ವಯಸ್ಸಿಗೆ ವರ್ಷ ಅಂದ್ರ ಸಣ್ಣದಲ್ಲ. ಮುಂಜಾನಿ ಎದ್ದು ಮೊದಲು ಬಾಗಲಾ ತೆಗದು ತೊಲಿ ನೋಡ್ತಾಳ, ಆಮ್ಯಾಲೆ ದೇವರ ಕಡೆ ನೋಡ್ತಾಳ." ಮಣೆಯನ್ನು ಮತ್ತೆ ಉಜ್ಜತೊಡಗಿದಳು. "ಬ್ಯಾರೆ ಬಡಿಗ್ಯಾರು ಯಾರರ ಆ ಕೀಲು ಬಿಚ್ಚಿ ಹಾಕ್ತಾರ. ಅತ್ತಿ ಜೀಕತಾಳ. ನಾ ಮಣಿ ಮಾಡ್ಕೊಂಡು ಇರ್ತೀನಿ. ಮಣಿ ಏನ್ ಕೆಟ್ಟದ್ದಲ್ಲ."

ಕೆಟ್ಟದ್ದಲ್ಲ ನಿಜ. ಆದರೆ ಏಣಿಯ ತುದಿಯಲ್ಲಿ ನಿಂತಾಗ ಅವಳ ಮುಖದಲ್ಲಿದ್ದ ಬೆಳಕು ಮಣೆಯ ಮುಂದೆ ಇರಲಿಲ್ಲ. ಪರೀಕ್ಷೆ ಮಾಡುವವಳು ಕಾರಣ ಹೇಳುವಂತಿಲ್ಲ, ಕಟ್ಟಿದವಳ ಬಾಯಿಂದಲೇ ಬರಬೇಕು. ನಾನು ಸುಮ್ಮನೆ ಎದ್ದು ಬಂದೆ.

ಮರುದಿನ ಸಂಜೆ ಅಂಟಿನ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದನಗಳ ಗಂಟೆಯ ಸದ್ದು ದೂರದಲ್ಲಿ ಕೇಳುತ್ತಿತ್ತು. ಪರಸಪ್ಪ ಕೇಳಿದ. ಕಸ್ತೂರಿ ನೆಲ ನೋಡುತ್ತ, "ಕಾರಣ ಸಿಗಲಿಲ್ರಿ" ಎಂದಳು.

ಅಂಗಳವೆಲ್ಲ ‘ಅಯ್ಯ’ ಎಂದಿತು. ಪರಸಪ್ಪ ಕಣ್ಣು ಮುಚ್ಚಿ ಕೂತ. ನಾನು ಕಾರಣ ಹೇಳುವಂತಿಲ್ಲ ಎಂಬ ನೇಮವೇನೋ ಇದೆ, ಚೂರನ್ನು ಜನಕ್ಕೆ ತೋರಿಸಬಾರದು ಎಂದು ಎಲ್ಲೂ ಇಲ್ಲ. "ಎಲ್ಲಾರೂ ಒಮ್ಮೆ ಕೈಯಾಗ ಹಿಡದು ನೋಡ್ರಿ" ಎಂದು ತುಂಡನ್ನು ದುರಗವ್ವನ ಕೈಗೆ ಕೊಟ್ಟೆ. ಕಸ್ತೂರಿ ನನ್ನ ಕಡೆ ಒಂದು ನೋಟ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ತುಂಡು ಕೈಯಿಂದ ಕೈಗೆ ಹೋಯಿತು. ಒಬ್ಬರು ತಿರುವಿ ನೋಡಿದರು, ಒಬ್ಬರು ಉಗುರಿನಿಂದ ಕೆರೆದರು. ಕಂಬಕ್ಕೆ ಒರಗಿ ಕೂತ ಸಕ್ರವ್ವನ ಕೈಗೆ ಬಂತು. ಅವಳಿಗೆ ಕಣ್ಣು ಮಂದ. ಮೂಗಿನ ಹತ್ತಿರ ಹಿಡಿದಳು. ಒಮ್ಮೆ ಮೂಸಿದಳು, ಮತ್ತೊಮ್ಮೆ ಮೂಸಿದಳು.

"ಇದು ನನ್ನ ಎಣ್ಣಿ!" ಎಂದಳು ಗಟ್ಟಿಯಾಗಿ. "ಮೆಂತೆ ಹಾಕಿ ಕಾಸಿದ್ದು. ಊರಾಗ ಮತ್ತ್ಯಾರೂ ಹಿಂಗ ಕಾಸೂದಿಲ್ಲ. ಇದು ನನ್ನ ಕಸ್ತೂರಿ ತಲಿಗೆ ಹಚ್ಚಿದ ಎಣ್ಣಿ!"

"ಅತ್ತಿ, ಸುಮ್ನಿರು!"

"ಯಾಕ ಸುಮ್ನಿರ್ಲಿ? ಹೆತ್ತ ಮಗಂಗೂ ಇಷ್ಟು ಚಲೋ ಎಣ್ಣಿ ಹಚ್ಚಿಲ್ಲ ನಾನು. ನಿನಗ ಗೊತ್ತಿತ್ತೇನು?"

ಸಕ್ರವ್ವನ ಮಂದ ಕಣ್ಣು ಸೊಸೆಯ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅವಳಿಗೆ ಎಲ್ಲ ಅರ್ಥವಾಯಿತು ಎಂದು ನನಗೂ ಗೊತ್ತಾಯಿತು. ಕೋಲು ಎತ್ತಿ ಸೊಸೆಯ ಕಡೆ ಚಾಚಿದಳು.

"ಹುಚ್ಚಿ! ನನ್ನ ಮಾವ ಕಟ್ಟಿದ ಅಟ್ಟ, ನನ್ನ ಗಂಡ ಕಟ್ಟಿದ ಸೇತುವಿ ಊರಾಗ ನಿಂತಾವ. ಇನ್ನ ನೀ ಕಟ್ಟಿದ್ದು ನಿಲ್ಲಬೇಕು. ನಾ ಜೀಕಿದ್ರ ಜೀಕೇನು, ಇಲ್ಲಂದ್ರ ಕೆಳಗ ಕುಂತು ನೋಡೇನು. ಬಾಯಿ ಬಿಡು. ನಿನ್ನ ಬಾಯಿಂದನ ಬರಬೇಕಂತ, ಹೇಳು!"

ಕಸ್ತೂರಿ ಅಳುತ್ತಲೇ ಹೇಳಿದಳು: ಎಣ್ಣೆ, ಬಿಸಿಲು, ಬೆವರು, ಕೈ. ಗಂಟೆ ಕಟ್ಟಿದ ಮೊದಲ ಹಸು ಅಂಗಳದ ಬಾಗಿಲು ದಾಟುವಾಗ ಅವಳ ಮಾತು ಮುಗಿದಿತ್ತು. ಪರಸಪ್ಪ, "ಕಾರಣ ಸಿಕ್ತು. ಕೀಲು ಬಿಚ್ಚು, ಮತ್ತ ಹಾಕು" ಎಂದು ಉಸಿರು ಬಿಟ್ಟ.

ಇನ್ನು ಉಳಿದದ್ದು ಸಕ್ರವ್ವನ ಶಿಕ್ಷೆ. ಆ ಮಾತನ್ನು ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಆಗ ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ನೇಮ ಏನೈತಿ? ಅಂಟಿನ ದಿನ ಒಲಿ ಮ್ಯಾಲೆ ಎಣ್ಣಿ ಇಡಬಾರದು. ಸಕ್ರತ್ತಿ, ಆ ಎಣ್ಣಿ ಯಾವಾಗ ಕಾಸಿದ್ದು?"

"ಹೋದ ತಿಂಗಳು."

"ಅಂಟಿನ ದಿನ ಒಲಿ ಮ್ಯಾಲೆ ಇಟ್ಟಿದ್ದೇನು?"

"ಇಲ್ಲವಾ."

"ಕೇಳಿದ್ರೆಲ್ಲ! ಸೊಸಿ ತಲಿ ಒಲಿ ಆಗತದೇನು? ಅಥವಾ ಈಕಿ ಸೊಸಿ ತಲಿ ಮ್ಯಾಲೆ ಭಜಿ ಕರದ್ಲೇನು?"

ಅಂಗಳ ನಗುವಿನಿಂದ ಬಿರಿಯಿತು. ಹಿಂದೆ ಭಜಿ ಕರಿದಾತನೂ ನಕ್ಕ. ಪರಸಪ್ಪ ನಗು ತಡೆದುಕೊಂಡು ನನ್ನನ್ನು ಕೇಳಿದ. ನಾನು ಯೋಚಿಸಿ ಹೇಳಿದೆ: ನೇಮದಲ್ಲಿ ತಲೆ ಇಲ್ಲ, ಹಾಗಾಗಿ ತಪ್ಪೂ ಇಲ್ಲ. ಇವತ್ತಿನಿಂದ ತಲೆಯೂ ಸೇರಲಿ. ಅಂಟು ಹಚ್ಚುವವರು ಗಂಡಸಾಗಲಿ ಹೆಂಗಸಾಗಲಿ, ತಲೆಗೆ ರುಮಾಲು ಸುತ್ತಿಯೇ ಏಣಿ ಹತ್ತಬೇಕು.

ಮತ್ತೆ ಅಂಟಿನ ದಿನ. ಸಕ್ರವ್ವ ಪೆಟ್ಟಿಗೆಯಿಂದ ಭರಮಪ್ಪನ ಕೆಂಪು ರುಮಾಲು ತೆಗೆದು, ಕಟ್ಟೆಯ ಮೇಲೆ ಎಲ್ಲರೆದುರು ಸೊಸೆಯ ತಲೆಗೆ ಸುತ್ತಿದಳು. ಎರಡು ಸಲ ಬಿಚ್ಚಿ ಮತ್ತೆ ಸುತ್ತಿದಳು, ಓರೆ ಆಯಿತಂತೆ. ಹಸಿರು ಸೀರೆ, ಕೆಂಪು ರುಮಾಲು. ದುರಗವ್ವ ಲಟಿಕೆ ಮುರಿದು ದೃಷ್ಟಿ ತೆಗೆದಳು. ಕಸ್ತೂರಿ ಬಲಗಡೆಯ ಕೀಲನ್ನು ಗರಗಸದಿಂದ ಬಿಚ್ಚಿದಳು. ಒಳಗೂ ಅದೇ ಬೆರಳಿನ ಗುರುತು ನುಣ್ಣಗೆ ಮಲಗಿತ್ತು. ಹನಿ ಬಿಟ್ಟರೆ ಹರಡಿಕೊಳ್ಳುವವರೆಗೂ ಮರ ಹೆರೆದಳು. ಆಮೇಲೆ ಅಂಟು, ಆಮೇಲೆ ಹೊಸ ತಂಗಿ.

ಒಣಗುವುದರೊಳಗೆ ಪಂಚಮಿ ಬಂದೇಬಿಟ್ಟಿತು. ಹಸಿ ಕೀಲು ನಿಂತ ಓಣಿಯಲ್ಲಿ ಎಳ್ಳು ಹುರಿಯುವಂತಿಲ್ಲ, ತುಪ್ಪ ಕಾಸುವಂತಿಲ್ಲ, ಉಂಡೆ ಕಟ್ಟುವಂತಿಲ್ಲ. ಜೋಳದ ಅರಳು ಹುರಿದೆವು, ಬೆಲ್ಲ ಕುಟ್ಟಿದೆವು, ಕಡುಬು ಬೇಯಿಸಿದೆವು. ಹುತ್ತಕ್ಕೆ ಹಾಲೆರೆಯುವಾಗ ದುರಗವ್ವ ಕೈಮುಗಿದು, "ನಾಗಪ್ಪಾ, ಉಂಡಿ ಆಮ್ಯಾಲೆ ಕೊಡ್ತೀವಿ, ಅಂಟು ಒಣಗಲಿ" ಎಂದು ಹೇಳಿಕೊಂಡಳು. ಊರಿನ ಹೆಂಗಸರೆಲ್ಲ ಹೊಸ ಬಳೆ ಇಟ್ಟುಕೊಂಡು ಬಂದು, ಹಗ್ಗವಿಲ್ಲದ ಜೋಕಾಲಿಯ ಕೆಳಗೆ ಕೂತು ಅರಳು ತಿಂದರು. ಅಷ್ಟು ಚೆನ್ನಾಗಿ ಮಾತಾಡಿಕೊಂಡ ಪಂಚಮಿ ನನಗೆ ಇನ್ನೊಂದು ನೆನಪಿಲ್ಲ.

ಹಬ್ಬ ಕಳೆದ ಮೇಲೆ ಪರೀಕ್ಷೆ. ಈ ಸಲ ಇಕ್ಕಳವನ್ನು ಕಸ್ತೂರಿಯ ಕೈಗೇ ಕೊಟ್ಟೆ. ಹಲ್ಲು ಕಚ್ಚಿ ಅದುಮಿದಳು. ತಂಗಿ ಜಗ್ಗಲಿಲ್ಲ. ಮತ್ತೆ ಅದುಮಿದಳು. ಚರಕ್! ಎರಡೂ ಚೂರಿನ ಮೇಲೆ ಹರಿದ ನಾರು, ಬೆಕ್ಕಿನ ಮೈಯಂತೆ ನಿಗುರಿ ನಿಂತಿತ್ತು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು.

ನಾನು ಮಾತ್ರ ಅಷ್ಟಕ್ಕೇ ಒಪ್ಪುವವಳಲ್ಲ. ಹಗ್ಗ ಹಾಕಿಸಿ ಮರಳಿನ ಚೀಲ ತೂಗುಹಾಕಿಸಿದೆ, ಆನೆಯಂಥ ಇಬ್ಬರು ಹೆಂಗಸರ ಭಾರ. ಬಿಸಿಲಲ್ಲಿ ಬಿಟ್ಟೆ, ನೀರು ಹೊಯ್ಯಿಸಿದೆ, ಮತ್ತೆ ಬಿಸಿಲಲ್ಲಿ ಬಿಟ್ಟೆ. ಗಂಡಸರಿಂದ ಆ ಚೀಲಗಳನ್ನು ಎಳೆಸಿ ತೂಗಿಸಿದೆ. ಸುಮ್ಮನೆ ತೂಗುಬಿದ್ದ ಭಾರ ಬೇರೆ, ಜೀಕುವ ಭಾರ ಬೇರೆ. ಬುಡದಲ್ಲಿ ಮಣೆ ಹಾಕಿಕೊಂಡು ಕೂತೆ. ಜನ ಬಂದು ಬಂದು ‘ಆತೇನು’ ‘ಆತೇನು’ ಎಂದು ಕೇಳಿ ಹೋದರು. ‘ಆಗಲಿ’ ಎಂದೆ.

ಕಡೆಗೆ ಉಳಿದದ್ದು ಜೀವವಿರುವ ಭಾರ. ನಾನು ಯಾರನ್ನೂ ಕರೆಯುವ ಮೊದಲೇ ಸಕ್ರವ್ವ ಕೋಲನ್ನು ದುರಗವ್ವನ ಕೈಗೆ ಕೊಟ್ಟು, ಹಲಗೆಯ ಮೇಲೆ ಹತ್ತಿ ಕೂತು, ಹಗ್ಗ ಹಿಡಿದುಬಿಟ್ಟಿದ್ದಳು. "ಕೆಟ್ಟರ ನನ್ನ ಎಣ್ಣಿ, ನಿಂತರ ನನ್ನ ಸೊಸಿ. ನಾನ ಮೊದಲು" ಎಂದಳು. ಕಸ್ತೂರಿ ರುಮಾಲು ಬಿಗಿ ಮಾಡಿಕೊಂಡು ಅವಳ ಹಿಂದೆ ನಿಂತು ಜೀಕತೊಡಗಿದಳು. ಮೊದಲು ಮೆಲ್ಲಗೆ. ಆಮೇಲೆ ಸ್ವಲ್ಪ ಜೋರಾಗಿ. ಹಲಗೆ ಕಟ್ಟೆ ದಾಟಿತು, ದುರಗವ್ವನ ಮನೆಯ ಮಾಳಿಗೆ ದಾಟಿತು. ಹೆಂಗಸರು ಹಾಡಿದರು, ಗಂಡಸರು ಸಿಳ್ಳೆ ಹಾಕಿದರು, ನಾಯಿಗಳು ಬೊಗಳಿದವು.

ನನಗೆ ಕೀಲಿನ ಸದ್ದು ಕೇಳಬೇಕಿತ್ತು. ಈ ಗದ್ದಲದಲ್ಲಿ ತೊಲೆ ಮುರಿದರೂ ಕೇಳುತ್ತಿರಲಿಲ್ಲ. ಮಣೆಯ ಮೇಲೆ ಎದ್ದು ನಿಂತು, "ಎಲ್ಲಾರೂ ಬಾಯಿ ಮುಚ್ಚರಿ! ಉಸರೂ ಬಿಡಬ್ಯಾಡ್ರಿ!" ಎಂದು ಕೂಗಿದೆ.

ಊರು ಬಾಯಿ ಮುಚ್ಚಿತು. ದುರಗವ್ವ ಕೂಡ. ಕಟ್ಟೆಯ ತುಂಬ ನಿಂತ ಜನ ಕತ್ತನ್ನು ಅತ್ತ ಇತ್ತ ತಿರುಗಿಸುತ್ತ ನಿಂತರು. ಹಗ್ಗ ಗಾಳಿ ಸೀಳುವ ಸದ್ದು, ಸೆರಗು ಪಟಪಟ ಅನ್ನುವ ಸದ್ದು. ನಾನು ಕಿವಿಯನ್ನು ಕಂಬಕ್ಕೆ ಒತ್ತಿ ಹಿಡಿದೆ. ಬಂತು, ಹೋಯಿತು, ಬಂತು, ಹೋಯಿತು. ಕೀಲು ಒಂದು ಮಾತೂ ಆಡಲಿಲ್ಲ. ಇಡೀ ಊರಲ್ಲಿ ಸುಮ್ಮನಿರಲಾಗದವಳು ಒಬ್ಬಳೇ: ಮೇಲೆ, ಆಕಾಶದಲ್ಲಿ, ಬೊಚ್ಚುಬಾಯಿಯ ಸಕ್ರವ್ವ ಕಿಲಕಿಲ ನಗುತ್ತಿದ್ದಳು, ತಡೆದುಕೊಂಡಷ್ಟೂ ಉಕ್ಕುತ್ತಿತ್ತು.

ನಾನು ಕಂಬದಿಂದ ಕಿವಿ ತೆಗೆದು ಕೈ ಎತ್ತಿದೆ. "ಇನ್ನ ಇಳೀರಿ."

"ಪಾಸಾತೇನು?" ಮೇಲಿನಿಂದ ದನಿ ಬಂತು.

"ಆತು."

"ಹಂಗಾರ ಯಾಕ ಇಳೀಲಿ? ಕಸ್ತೂರೀ, ಜೀಕು!"